ಫೊಂತೇನ್ಯಾಸಿನ ಓಣಿಗಳೂ ನಮ್ಮ ಫ್ಲ್ಯಾಟುಗಳೂ

ಸಮ್ಮೇಳನಕ್ಕೆಂದು ಹುಬ್ಬಳ್ಳಿ, ಬೆಳಗಾವಿ, ಕಾರವಾರಗಳ ಕಡೆಯಿಂದ ಬರುವ ನಮ್ಮ ಬಂಧುಗಳು ಪಣಜಿಯ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಆ ಸ್ಥಳದ ಹೆಸರು ಪಾಟೋ. ಸುತ್ತಲೂ ಬ್ಯಾಂಕುಗಳ, ಸರಕಾರಿ ಕಚೇರಿಗಳ ಬಹುಮಹಡಿ ಕಟ್ಟಡಗಳು. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಔರೆಂ ತೋಡು ಅಡ್ಡ ಬರುತ್ತದೆ. ಅದರ ಮೇಲಿನ ಕಾಲುಸೇತುವೆಯನ್ನು ದಾಟಿದರೆ ನೋಟವೇ ಬದಲಾಗುತ್ತದೆ: ಹಳದಿ, ನೀಲಿ, ಕಾವಿ ಬಣ್ಣದ ಒಂದೆರಡು ಅಂತಸ್ತಿನ ಮನೆಗಳು, ಇಳಿಜಾರು ಹೆಂಚಿನ ಮಾಡುಗಳು, ಕಬ್ಬಿಣದ ಕುಸುರಿಯ ಉಪ್ಪರಿಗೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕಾದ ಓಣಿಗಳು. ಪ್ರವಾಸಿ ಪುಸ್ತಕಗಳು ಫೌಂಟೇನ್ಹಾಸ್ ಎಂದು ಬರೆಯುವ, ಇಲ್ಲಿಯವರು ಫೊಂತೇನ್ಯಾಸ್ ಎಂದು ಕರೆಯುವ ಕೇರಿ ಇದು. ತೋಡಿನ ಅಗಲ ಹೆಚ್ಚೇನಿಲ್ಲ. ಆದರೂ ಕಳೆದ ಅರವತ್ತು ವರ್ಷಗಳಿಂದ ಗೋವೆ ತನ್ನೊಳಗೆ ನಡೆಸುತ್ತಿರುವ ವಾದದ ಎರಡು ಪಕ್ಷಗಳು ಈ ತೋಡಿನ ಎರಡು ದಡಗಳಲ್ಲಿ ಎದುರುಬದುರಾಗಿ ನಿಂತಂತೆ ನಮಗೆ ಕಾಣುತ್ತದೆ.

ಬಂಧುಗಳನ್ನು ಇಳಿಸಿದ ಬಸ್ಸಿನ ಮೇಲೆ ಕದಂಬರ ಹೆಸರಿರುವ ಸಾಧ್ಯತೆಯಿದೆ. ಈ ರಾಜ್ಯದ ಸಾರಿಗೆ ನಿಗಮಕ್ಕೆ 1980ರಲ್ಲಿ ಇಟ್ಟ ಹೆಸರು ಅದು. ನಮ್ಮ ಸಂಘದ ಯಾವ ಭಾಷಣವೂ ಕದಂಬರನ್ನು ನೆನೆಯದೆ ಮುಗಿಯುವುದಿಲ್ಲವೆಂಬುದನ್ನು ಬಲ್ಲೆವು. ಈ ಲೇಖನ ಮಾತ್ರ ಅವರನ್ನು ಬಸ್ ನಿಲ್ದಾಣದಲ್ಲಿಯೇ ಬಿಟ್ಟು, ಇತ್ತೀಚಿನ ಇತಿಹಾಸದತ್ತ ಸಾಗಲಿದೆ.

ಪಣಜಿ ಮೂಲತಃ ಜೌಗುನೆಲ. ಉತ್ತರ ಕನ್ನಡದ ಅಘನಾಶಿನಿ ತೀರದಲ್ಲಿ ನಾವು ಗಜನಿ ಎಂದು ಕರೆಯುವ ಭೂಮಿಯುಂಟಲ್ಲ, ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಭತ್ತ ಬೆಳೆಯುವ ನೆಲ, ಅದನ್ನೇ ಗೋವೆಯವರು ಖಾಜನ್ ಎನ್ನುತ್ತಾರೆ. ಇಂದಿನ ಪಣಜಿಯ ಬಹುಭಾಗ ಇಂತಹ ನೆಲವನ್ನು ತುಂಬಿಸಿ ಪಡೆದುದು. ಹಳೆಯ ಗೋವಾ ನಗರ ರೋಗರುಜಿನಗಳಿಂದ ಪಾಳುಬೀಳುತ್ತ ಬಂದಾಗ, 1759ರಲ್ಲಿ ಪೋರ್ಚುಗೀಜ್ ವೈಸ್‌ರಾಯ್ ಪಣಜಿಯ ಆದಿಲಶಾಹಿ ಅರಮನೆಗೆ ವಾಸ ಬದಲಾಯಿಸಿದ. ಆ ಶತಮಾನದ ಕೊನೆಯ ಭಾಗದಲ್ಲಿ ಆಲ್ತಿನ್ಯೋ ಗುಡ್ಡದ ಬುಡದ ತೆಂಗಿನ ತೋಟದಲ್ಲಿ ಮನೆಗಳು ಎದ್ದವು. ತೋಟದ ಒಡೆಯ ಆಂತೋನಿಯೊ ಜುವಾಂವ್ ದ ಸಿಕ್ವೇರಾ. ಮೊಜಾಂಬಿಕಿನಲ್ಲಿ ಹಣ ಗಳಿಸಿ ಬಂದುದರಿಂದ ಜನ ಅವನನ್ನು ಮೊಸ್ಮಿಕಾರ್ ಎಂದು ಕರೆದರು. ಗುಡ್ಡದ ಬುಡದಲ್ಲಿ ಉಕ್ಕುತ್ತಿದ್ದ ಒರತೆ ಕೇರಿಗೆ ಹೆಸರು ಕೊಟ್ಟಿತು. 1827ರಿಂದ 1835ರವರೆಗೆ ಆಳಿದ ದೊಂ ಮಾನುಯೆಲ್ ದ ಪೋರ್ತುಗಾಲ್ ಇ ಕಾಸ್ತ್ರೊ ಮರಳುದಿಬ್ಬಗಳನ್ನು ಸಮಗೊಳಿಸಿ, ಜೌಗನ್ನು ಬತ್ತಿಸಿ, ಬೀದಿಗಳನ್ನು ಎಳೆಸಿದ. 1843ರಲ್ಲಿ ಪಣಜಿ ವಿಧ್ಯುಕ್ತವಾಗಿ ರಾಜಧಾನಿಯಾಯಿತು. ಆಡಳಿತದ ಕಾರಕೂನರು, ಸಣ್ಣ ವ್ಯಾಪಾರಿಗಳು, ಕುಶಲಕರ್ಮಿಗಳು ಫೊಂತೇನ್ಯಾಸ್, ಸಾಂವ್ ತೊಮೆ, ಮಾಳಾ ಕೇರಿಗಳಲ್ಲಿ ತುಂಬಿಕೊಂಡರು. ಸಂತ ಸೆಬಾಸ್ಟಿಯನ್ನರ ಪ್ರಾರ್ಥನಾ ಮಂದಿರವೂ ಮಾಳಾದ ಮಾರುತಿ ಗುಡಿಯೂ ಒಂದೇ ಗುಡ್ಡದ ಮಗ್ಗುಲಲ್ಲಿವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕೇರಿ ಹುಟ್ಟಿದಾಗ ಅದೇ ಒಂದು ‘ಅಭಿವೃದ್ಧಿ’ಯಾಗಿತ್ತು. ತೆಂಗಿನ ತೋಟವನ್ನು ಕಡಿದು ಒತ್ತೊತ್ತಾಗಿ ಕಟ್ಟಿದ ಮನೆಗಳವು. ಒಂದರ ಗೋಡೆ ಇನ್ನೊಂದಕ್ಕೆ ತಾಗಿದ್ದು, ಕೆಳಗೊಂದು ಕುಟುಂಬ ಮೇಲೊಂದು ಕುಟುಂಬ ವಾಸಿಸಿದ್ದುಂಟು. ಹಳೆಯ ಕೇರಿಯೆಂದರೆ ಒಂದು ಮನೆ, ಒಂದು ಕುಟುಂಬ, ಸುತ್ತ ಹೂದೋಟ ಎಂಬ ಚಿತ್ರ ಸಾಸಷ್ಟಿಯ ಹಳ್ಳಿಗಳ ದೊಡ್ಡ ಬಂಗಲೆಗಳಿಗೆ ಒಪ್ಪೀತು, ಪಣಜಿಗೆ ಒಪ್ಪದು. ಹಲವು ಕುಟುಂಬಗಳು ಒಂದು ಸೂರಿನಡಿ ಬಾಳುವುದು ಗೋವೆಗೆ ಕಾಂಕ್ರೀಟಿನ ಜೊತೆ ಬಂದದ್ದಲ್ಲ.

ಆ ಸೂರಿನ ವಿಷಯದಲ್ಲಿ ನಮಗೊಂದು ಮಮತೆಯುಂಟು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಆ ಹೆಂಚು ಹಡಗೇರಿ ಪಶ್ಚಿಮ ಕರಾವಳಿಯನ್ನೆಲ್ಲ ಹೊದಿಸಿತು. ಗೋವೆಯ ಮಾಡುಗಳ ಮೇಲೂ ಹರಡಿತು. ಗೋಡೆ ಜಂಬಿಟ್ಟಿಗೆಯದು, ಗಾರೆ ಚಿಪ್ಪುಸುಣ್ಣದ್ದು, ಕಿಟಕಿಗೆ ಗಾಜಿನ ಬದಲು ನಯಗೊಳಿಸಿದ ಕಪ್ಪೆಚಿಪ್ಪಿನ ಬಿಲ್ಲೆಗಳು. ಮಳೆಗಾಲ ಮುಗಿದೊಡನೆ ಮನೆಗೆ ಬಣ್ಣ ಬಳಿಯಬೇಕೆಂಬ ಕಟ್ಟಳೆ ಪೋರ್ಚುಗೀಜರ ಕಾಲದಲ್ಲಿತ್ತೆಂದೂ ಶುದ್ಧ ಬಿಳಿ ಇಗರ್ಜಿಗಳಿಗೆ ಮೀಸಲಾಗಿತ್ತೆಂದೂ ಹೇಳುತ್ತಾರೆ. ಕಾರಣ ಸೌಂದರ್ಯವೊಂದೇ ಅಲ್ಲ. ವರ್ಷಕ್ಕೆ ನೂರಿಪ್ಪತ್ತು ಅಂಗುಲದ ಮಳೆ ಬೀಳುವಲ್ಲಿ ಸುಣ್ಣದ ಗೋಡೆ ವಾರ್ಷಿಕ ಆರೈಕೆಯಿಲ್ಲದೆ ಉಳಿಯದು. ಹಳೆಯ ಮನೆಯ ಶತ್ರು ಬಿಲ್ಡರನಿಗಿಂತ ಮೊದಲು ಆಷಾಢದ ಮಳೆ. ಎರಡು ಮಳೆಗಾಲ ಹೆಂಚು ಸರಿಪಡಿಸದೆ ಬಿಟ್ಟರೆ ಮೂರನೆಯದರಲ್ಲಿ ತೊಲೆ ಕುಂಬಾಗುತ್ತದೆ. ನಾಲ್ಕನೆಯದನ್ನು ನೋಡಬೇಕಾಗಿಯೇ ಇಲ್ಲ.

1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಾಗ ಇಲ್ಲಿನ ಜನಸಂಖ್ಯೆ ಆರು ಲಕ್ಷಕ್ಕೆ ತುಸು ಕಡಿಮೆಯಿತ್ತು. 1981ರ ಜನಗಣತಿಯ ಹೊತ್ತಿಗೆ ಅದು ಹತ್ತು ಲಕ್ಷ ದಾಟಿತು. ಈ ಇಪ್ಪತ್ತು ವರ್ಷಗಳ ಏರಿಕೆಯಲ್ಲಿ ನಾವೂ ಇದ್ದೇವೆ. ಕರಾವಳಿಯ ಬ್ಯಾಂಕುಗಳು ಶಾಖೆ ತೆರೆದಾಗ ಬಂದ ಗುಮಾಸ್ತರು, ಉಡುಪಿ ಹೋಟೆಲಿನವರು, ಶಿಕ್ಷಕರು, ಮುರಗಾಂವ ಬಂದರಿಗೂ ಗಣಿಗಳಿಗೂ ಝುವಾರಿನಗರದ ಗೊಬ್ಬರದ ಕಾರ್ಖಾನೆಗೂ ದುಡಿಯಲು ಬಂದ ಕಾರ್ಮಿಕರು. ಕ್ಯಾಸಲ್‌ರಾಕ್ ಘಟ್ಟವಿಳಿಯುವ ರೈಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಬಂದಿತ್ತಾದರೂ, ಅದರ ಮೂರನೆಯ ದರ್ಜೆ ನಮ್ಮವರಿಂದ ತುಂಬಿದ್ದು ವಿಮೋಚನೆಯ ತರುವಾಯ. ಬಂದವರಿಗೆ ಮನೆ ಬೇಕಿತ್ತು. ಪಣಜಿ, ಮಡಗಾಂವ, ವಾಸ್ಕೊ, ಮಾಪುಸಾಗಳಲ್ಲಿ ಹಳೆಯ ಮನೆಯ ಒಂದು ಕೋಣೆ, ಹಿತ್ತಲಿನ ಬಾವಿ, ಒಡತಿಯ ಕೊಂಕಣಿ, ನಮ್ಮ ಅರೆಬರೆ ಉತ್ತರ: ಹೀಗೆ ಹಿರಿಯ ತಲೆಮಾರಿನ ಅನೇಕರ ಗೋವಾ ಜೀವನ ಆರಂಭವಾಯಿತು. ನಾಲ್ಕು ಮಹಡಿಯ ಸಹಕಾರಿ ವಸತಿ ಸಂಘಗಳು ಎದ್ದಾಗ ಅವು ನಮಗೆ ವರದಾನವೆನಿಸಿದವು. ಸ್ವಂತ ಹೆಸರಿನಲ್ಲಿ ಎರಡು ಕೋಣೆ, ಸ್ವಂತ ನಲ್ಲಿ. ಆ ಕಟ್ಟಡ ನಿಂತ ಜಾಗದಲ್ಲಿ ಮೊದಲೇನಿತ್ತೆಂದು ನಾವು ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ.

ಇದ್ದುದು ಅನೇಕ ಕಡೆ ಹಳೆಯ ಮನೆಯೇ. ಅದು ಬಿಲ್ಡರನ ಕೈಗೆ ಹೋದ ಬಗೆಯನ್ನು ಅರಿಯದೆ ಈ ಇತಿಹಾಸ ಅರ್ಥವಾಗದು. ಗೋವೆಯಲ್ಲಿ ಇಂದಿಗೂ 1867ರ ಪೋರ್ಚುಗೀಜ್ ನಾಗರಿಕ ಸಂಹಿತೆಯ ಸತ್ವ ಜೀವಂತವಿದೆ. ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳೆಲ್ಲರಿಗೂ ಆಸ್ತಿಯಲ್ಲಿ ಕಡ್ಡಾಯದ ಪಾಲುಂಟು. ನಮ್ಮ ಕಡೆಯ ಹೆಣ್ಣುಮಕ್ಕಳು ಸಮಪಾಲಿಗಾಗಿ ಬಹುಕಾಲ ಕಾಯಬೇಕಾಯಿತೆಂಬುದನ್ನು ನೆನೆದರೆ ಇದು ಶ್ಲಾಘ್ಯವಾದ ಕಾನೂನು. ಆದರೆ ಮನೆಯ ದೃಷ್ಟಿಯಿಂದ ನೋಡಿದರೆ ಮೂರು ತಲೆಮಾರಿನಲ್ಲಿ ಒಂದು ಬಂಗಲೆಗೆ ಇಪ್ಪತ್ತು ಮೂವತ್ತು ಒಡೆಯರು. ಒಬ್ಬರು ಲಿಸ್ಬನ್ನಿನಲ್ಲಿ, ಒಬ್ಬರು ಟೊರಾಂಟೊದಲ್ಲಿ, ಇಬ್ಬರು ಮುಂಬಯಿಯಲ್ಲಿ. ಹೆಂಚು ಹಾಕಿಸುವ ಖರ್ಚಿಗೆ ಯಾರೂ ಮುಂದಾಗರು, ಮಾರಾಟದ ಹಣಕ್ಕೆ ಎಲ್ಲರೂ ಸಹಿ ಹಾಕುವರು. ಬಾಡಿಗೆಗೆ ಕೊಟ್ಟ ಮನೆಯ ಕಥೆ ಬೇರೆ. 1968ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆದಾರನನ್ನು ಬೀದಿಗೆ ಬೀಳದಂತೆ ಕಾಯಿತು. ಆದರೆ ದಶಕಗಳ ಹಿಂದಿನ ಬಾಡಿಗೆಯಲ್ಲಿ ಇಂದಿನ ತೊಲೆ ಬದಲಾಯಿಸಲು ಯಾವ ಒಡೆಯನಿಗೆ ಮನಸ್ಸು ಬಂದೀತು? ಮನೆ ತಾನಾಗಿ ಕುಸಿದರೆ ಬಾಡಿಗೆದಾರನೂ ಹೋಗುತ್ತಾನೆ. ಹೀಗೆ ಕಾಯುವುದೂ ಒಂದು ವಿಧದ ಕೆಡಹುವಿಕೆಯೇ.

ಇದಕ್ಕೆ ನಿವೇಶನದ ಲೆಕ್ಕ ಸೇರುತ್ತದೆ. ಯೋಜನಾ ಇಲಾಖೆಯವರು ನೆಲ ಮತ್ತು ಅಂತಸ್ತುಗಳ ಅನುಪಾತವನ್ನು, ಎಲ್ಲರೂ ಎಫ್.ಎ.ಆರ್. ಎನ್ನುವುದನ್ನು, ಪ್ರತಿ ವಲಯಕ್ಕೆ ನಿಗದಿಪಡಿಸುತ್ತಾರೆ. ಸಾವಿರ ಚದರ ಮೀಟರಿನ ಹಿತ್ತಲಿಗೆ ಆ ಅನುಪಾತ ಎಂಬತ್ತು ಎಂದಾದರೆ ಎಂಟುನೂರು ಚದರ ಮೀಟರ್ ಕಟ್ಟಬಹುದು, ಅಂದರೆ ಎಂಬತ್ತರಂತೆ ಹತ್ತು ಫ್ಲ್ಯಾಟು. ಒಂದು ಬಂಗಲೆಯ ಬೆಲೆಗಿಂತ ಹತ್ತು ಫ್ಲ್ಯಾಟುಗಳ ಬೆಲೆ ಎಷ್ಟೋ ಪಾಲು ಹೆಚ್ಚೆಂಬುದನ್ನು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ. ಆದರೆ ಗೋವೆಯ ಹೆಚ್ಚಿನ ವಾಡೆಗಳಲ್ಲಿ ಒಳಚರಂಡಿಯಿಲ್ಲ. ಶೌಚಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ಜಂಬಿಟ್ಟಿಗೆಯ ಪದರದಲ್ಲಿವೆ, ಆ ಕಲ್ಲೋ ಸ್ಪಂಜಿನಂತಹುದು. ಹತ್ತು ಕುಟುಂಬ ಬಂದರೆ ನೆರೆಯವನ ಬಾವಿ ಕೆಡುವುದು ಕಲ್ಪನೆಯ ಭಯವಲ್ಲ. ಹಳ್ಳಿಯ ಗ್ರಾಮಸಭೆಗಳಲ್ಲಿ ಹೊಸ ವಸತಿ ಸಂಕೀರ್ಣಗಳ ವಿರುದ್ಧ ಕೂಗೇಳುವಾಗ ಅದರ ಬೇರು ಅನೇಕ ಬಾರಿ ಈ ಬಾವಿಯಲ್ಲಿರುತ್ತದೆ. ಹೊರಗಿನವರ ಮೇಲಿನ ದ್ವೇಷದಲ್ಲಿ ಮಾತ್ರವೆಂದು ನಾವು ತಿಳಿದರೆ ತಪ್ಪಾದೀತು.

ಫೊಂತೇನ್ಯಾಸ್ ಹೇಗೆ ಉಳಿಯಿತು? ಯುನೆಸ್ಕೊ ಕಾಪಾಡಿತು ಎಂಬ ಮಾತು ಪ್ರವಾಸಿ ಬರಹಗಳಲ್ಲಿ ತಿರುತಿರುಗಿ ಬರುತ್ತದೆ. ಅದು ನಿಜವಲ್ಲ. ವಿಶ್ವ ಪರಂಪರೆಯ ಪಟ್ಟಿಯಲ್ಲಿ 1986ರಲ್ಲಿ ಸೇರಿದ್ದು ಹಳೆಯ ಗೋವಾದ ಇಗರ್ಜಿಗಳೂ ಮಠಗಳೂ ಮಾತ್ರ. ಫೊಂತೇನ್ಯಾಸನ್ನು ಕಾಪಾಡಿದ್ದು ಅದಕ್ಕಿಂತ ಶುಷ್ಕವಾದ ವಸ್ತು, ಯೋಜನಾ ಕಡತ. 1974ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ ಅಡಿಯಲ್ಲಿ ರೂಪುಗೊಂಡ ನಿಯಮಗಳು ಸಂರಕ್ಷಣಾ ವಲಯಗಳನ್ನು ಗುರುತಿಸಿದವು. ಅಲ್ಲಿ ಕಟ್ಟುವವನು ಹೊರಮುಖ, ಎತ್ತರ, ಮಾಡಿನ ಇಳಿಜಾರು ಇವುಗಳ ವಿಷಯದಲ್ಲಿ ಸಂರಕ್ಷಣಾ ಸಮಿತಿಯ ಒಪ್ಪಿಗೆ ಪಡೆಯಬೇಕು. ಈ ಶತಮಾನದ ಆರಂಭದ ವರ್ಷಗಳಲ್ಲಿ ಗೋವಾ ಹೆರಿಟೇಜ್ ಆ್ಯಕ್ಷನ್ ಗ್ರೂಪಿನವರು ಫೊಂತೇನ್ಯಾಸಿನ ಮನೆಗಳನ್ನೇ ಕೆಲದಿನ ಚಿತ್ರಶಾಲೆಗಳಾಗಿಸಿ ಕಲಾ ಉತ್ಸವ ನಡೆಸಿದರು. ಬಾಗಿಲು ತೆರೆದ ಒಡೆಯರಿಗೆ ತಮ್ಮ ಮನೆ ಹೊರೆಯಲ್ಲ ಎಂಬ ಭಾವನೆ ಹುಟ್ಟಿಸಿದ್ದು ಆ ಉತ್ಸವದ ಸಾಧನೆಯೆಂದು ನಮ್ಮ ಅನಿಸಿಕೆ.

ಆದರೆ ಸಂರಕ್ಷಣೆಯ ನಿಯಮ ಗೋಡೆಯನ್ನು ನೋಡುತ್ತದೆ, ಗೋಡೆಯೊಳಗಿನ ಮನುಷ್ಯನನ್ನಲ್ಲ. ಇಂದು ಜನವರಿ 31ರ ರಸ್ತೆಯಲ್ಲಿ ನಡೆದರೆ (ಈ ದಿನಾಂಕ 1891ರಲ್ಲಿ ಪೋರ್ತೊ ನಗರದ ಗಣರಾಜ್ಯವಾದಿಗಳ ದಂಗೆಯ ನೆನಪು, ಸ್ಪೇನಿನಿಂದ ಪೋರ್ಚುಗಲ್ ಬಿಡುಗಡೆಯಾದ ದಿನವೆಂದು ಹೇಳುವ ಮಾರ್ಗದರ್ಶಿಗಳನ್ನು ನಂಬಬೇಡಿ) ಕೆಫೆ, ಅತಿಥಿಗೃಹ, ಕರಕುಶಲ ಮಳಿಗೆಗಳು ಸಾಲಾಗಿ ಸಿಗುತ್ತವೆ. ಉಳಿದ ಮನೆಗಳ ಬಾಗಿಲಿಗೆ ‘ಫೋಟೊ ತೆಗೆಯಬೇಡಿ’ ಎಂಬ ಫಲಕ. ಮದುವೆಗೆ ಮುನ್ನಿನ ಛಾಯಾಚಿತ್ರಕ್ಕಾಗಿ ಬಂದ ಜೋಡಿಗಳು ಪರರ ಮೆಟ್ಟಿಲ ಮೇಲೆ ಕುಳಿತಿರುವಾಗ, ಆ ಮನೆಯ ವೃದ್ಧೆ ಬ್ರೆಡ್ಡು ತರಲು ಹೊರಬರಲಾಗದೆ ನಿಂತಿರುವುದನ್ನು ನಾವು ಕಂಡಿದ್ದೇವೆ. ಆ ಜೋಡಿ ನಮ್ಮದೇ ಊರಿನ ಕಡೆಯದಾಗಿತ್ತು. ಹೇಳದೆ ಬಿಡುವುದು ಸರಿಯಲ್ಲವೆಂದು ಹೇಳುತ್ತಿದ್ದೇವೆ.

ಮಡಗಾಂವದ ಇಗರ್ಜಿ ಚೌಕದ ಸುತ್ತಲಿನ ಹಳೆಯ ಬಂಗಲೆಗಳ ಕಥೆಯೂ ಇಂತಹುದೇ. ಅಲ್ಲಿ ವಿಸ್ತರಿಸುವುದಿಲ್ಲ. ಬೆಂಗಳೂರಿನ ಬಂಧುಗಳಿಗೆ ಬಸವನಗುಡಿ, ಮಲ್ಲೇಶ್ವರಗಳ ಹೆಸರು ಹೇಳಿದರೆ ಸಾಕು. 1898ರ ಪ್ಲೇಗಿನ ಹೊಡೆತದಲ್ಲಿ ಗಾಳಿಬೆಳಕಿಗಾಗಿ ಬೆಳೆದ ಆ ಬಡಾವಣೆಗಳ ಕಾಂಪೌಂಡಿನ ಮಾವಿನಮರಗಳು ಈಗ ಅಪಾರ್ಟ್‌ಮೆಂಟುಗಳ ಹೆಸರುಗಳಲ್ಲಿ ಮಾತ್ರ ಉಳಿದಿವೆ.

2006ರಲ್ಲಿ ವಾದ ಬೀದಿಗಿಳಿಯಿತು. ಆ ವರ್ಷ ಹೊರಬಿದ್ದ ‘ಪ್ರಾದೇಶಿಕ ಯೋಜನೆ 2011’ ಗುಡ್ಡ, ತೋಪು, ಹೊಲಗಳನ್ನು ವಿಶಾಲವಾಗಿ ವಸತಿ ಭೂಮಿಯೆಂದು ತೋರಿಸಿತೆಂಬ ಆಕ್ರೋಶದಿಂದ ಗೋವಾ ಬಚಾವೊ ಅಭಿಯಾನ ಹುಟ್ಟಿತು. ವೈದ್ಯ ಆಸ್ಕರ್ ರೆಬೆಲೊ ಅದರ ಮುಖಂಡರಲ್ಲೊಬ್ಬರು. ಡಿಸೆಂಬರಿನಲ್ಲಿ ಪಣಜಿಯ ಆಜಾದ್ ಮೈದಾನ ತುಂಬಿತು. 2007ರ ಜನವರಿಯಲ್ಲಿ ಮುಖ್ಯಮಂತ್ರಿ ಪ್ರತಾಪಸಿಂಹ ರಾಣೆ ಯೋಜನೆಯನ್ನು ಹಿಂತೆಗೆದುಕೊಂಡರು. ಜನ ಎದ್ದು ನಿಂತು ಒಂದು ಇಡೀ ರಾಜ್ಯದ ಭೂಯೋಜನೆಯನ್ನು ಹಿಂತಿರುಗಿಸಿದ ಉದಾಹರಣೆ ನಮ್ಮ ದೇಶದಲ್ಲಿ ವಿರಳ. ಬಳಿಕ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿದ್ದ ಕಾರ್ಯಪಡೆ ‘ಪ್ರಾದೇಶಿಕ ಯೋಜನೆ 2021’ನ್ನು ರೂಪಿಸುವಾಗ ಹಳ್ಳಿಹಳ್ಳಿಯ ನಕ್ಷೆಯನ್ನು ಪಂಚಾಯತಿಗಳ ಮುಂದಿಟ್ಟಿತು. ಸಮ್ಮೇಳನದ ಬಂಧುಗಳು ನಾಟಕ ನೋಡಲು ಹೋಗುವ ಕಲಾ ಅಕಾಡೆಮಿಯ ಶಿಲ್ಪಿಯೂ ಇದೇ ಕೊರಿಯಾ. ಮಾಂಡವಿಯ ದಡದಲ್ಲಿ ಮರಗಳಿಗಿಂತ ಎತ್ತರವಾಗಲು ಒಲ್ಲದ ಆ ಕಟ್ಟಡವನ್ನು ಕಂಡವರಿಗೆ ಅವರ ವಾದ ಬೇರೆ ವಿವರಿಸಬೇಕಿಲ್ಲ.

ಅನಂತರದ ಕಥೆ ಅಷ್ಟು ಚೆನ್ನಾಗಿಲ್ಲ. ಒಟ್ಟು ಯೋಜನೆ ಒಂದೆಡೆಯಿರಲು, ಬಿಡಿಬಿಡಿ ನಿವೇಶನದ ವಲಯವನ್ನು ಅರ್ಜಿಯ ಮೇರೆಗೆ ಬದಲಾಯಿಸುವ ಕಲಮುಗಳು ಕಾಯಿದೆಗೆ ಸೇರಿದವು: 2018ರಲ್ಲಿ 16ಬಿ, 2023ರಲ್ಲಿ 17(2), 2024ರಲ್ಲಿ 39ಎ. ಇವುಗಳಲ್ಲಿ 17(2)ರ ಅಡಿಯ ನಿಯಮಗಳನ್ನು ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠ 2025ರ ಮಾರ್ಚಿಯಲ್ಲಿ ರದ್ದುಪಡಿಸಿತು. ಕಾನೂನಿನ ಅಂಕೆಗಳು ಬೇಸರ ತರಿಸಿದರೆ ಕ್ಷಮಿಸಬೇಕು. ಗೋವೆಯ ಚಹಾದಂಗಡಿಗಳಲ್ಲಿ ಇವು ಕ್ರಿಕೆಟ್ ಸ್ಕೋರಿನಂತೆ ಎಲ್ಲರ ಬಾಯಲ್ಲಿವೆ.

2006ರ ಆ ದಿನಗಳಲ್ಲಿ ನಾವೆಲ್ಲಿದ್ದೆವು? ಹೆಚ್ಚಾಗಿ ಮನೆಯಲ್ಲಿ. ಮೈದಾನದ ಕೂಗು ಬಿಲ್ಡರರ ವಿರುದ್ಧವೇ ಇತ್ತಾದರೂ, ಅದರ ಅಂಚಿನಲ್ಲಿ ‘ಘಾಂಟಿ’ ಎಂಬ ಪದ ಸುಳಿದಾಡುತ್ತಿತ್ತು. ಘಟ್ಟದ ಮೇಲಿನವನೆಂಬುದು ಅದರ ಸರಳ ಅರ್ಥ. ಹೇಳುವವನ ದನಿಯಲ್ಲಿ ಬೇರೆ ಅರ್ಥ ಬರುತ್ತದೆ. 2004ರ ಜೂನಿನಲ್ಲಿ, ಮಳೆ ಹಿಡಿಯುವ ಹೊತ್ತಿನಲ್ಲಿ, ವಾಸ್ಕೊದ ಬೈನಾ ಕಡಲತಡಿಯಲ್ಲಿ ಬುಲ್ಡೋಜರುಗಳು ನೂರಾರು ಗುಡಿಸಲುಗಳನ್ನು ಕೆಡವಿದ್ದವು. ಅವುಗಳಲ್ಲಿ ಕನ್ನಡ ಮಾತನಾಡುವವರ ಸಂಖ್ಯೆ ದೊಡ್ಡದಿತ್ತು. ಅದು ಹಸಿಯಾಗಿರುವಾಗ ‘ಗೋವೆಯನ್ನು ಉಳಿಸಿ’ ಎಂಬ ಘೋಷಣೆ ನಮ್ಮ ಕಿವಿಗೆ ಬೇರೆಯಾಗಿಯೇ ಕೇಳಿಸಿತು. ಇಂದು ಹಿಂದಿರುಗಿ ನೋಡಿದರೆ, ಆ ಮೈದಾನಕ್ಕೆ ನಾವು ಹೋಗಬೇಕಿತ್ತು ಎಂದು ನಮ್ಮಲ್ಲಿ ಕೆಲವರಿಗಾದರೂ ಅನಿಸುತ್ತದೆ. ಗುಡ್ಡ ಕಡಿದರೆ ಒಣಗುವ ಬಾವಿ ಎಲ್ಲರದೂ ಆಗಿತ್ತು.

2011ರ ಜನಗಣತಿಯ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ಗೋವೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು ಸುಮಾರು 68 ಸಾವಿರ, ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು. ಅದೇ ಗಣತಿಯಲ್ಲಿ ಗೋವೆಯ ಮನೆಗಳ ಪೈಕಿ ಐದರಲ್ಲೊಂದಕ್ಕಿಂತ ಹೆಚ್ಚು ಖಾಲಿ. ಬೀಗ ಹಾಕಿದ ಹಳೆಯ ಬಂಗಲೆ ಅದರಲ್ಲಿ ಸೇರಿದೆ. ದಿಲ್ಲಿ, ಮುಂಬಯಿಯವರು ವರ್ಷಕ್ಕೆ ಹದಿನೈದು ದಿನ ಬರಲೆಂದು ಕೊಂಡ ಹೊಸ ಫ್ಲ್ಯಾಟೂ ಸೇರಿದೆ. ಆ ಫ್ಲ್ಯಾಟುಗಳಿಗೆ ಕಲ್ಲು ಹೊತ್ತವರು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳಗಳಿಂದ ಬಂದವರು. ಕಟ್ಟಡ ಮುಗಿಯುವವರೆಗೆ ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗಿ, ಮುಗಿದ ಮರುದಿನ ಇನ್ನೊಂದು ಶೆಡ್ಡಿಗೆ ಹೋದವರು. ಆದ್ದರಿಂದ ಹಳೆಯ ಕೇರಿಯೋ ಹೊಸ ಫ್ಲ್ಯಾಟೋ ಎಂಬ ಪ್ರಶ್ನೆಯನ್ನು ಕೇಳುವ ರೀತಿಯೇ ನಮಗೆ ಅಪೂರ್ಣವೆನಿಸುತ್ತದೆ. ಎಷ್ಟು ಮಹಡಿ ಎಂಬುದನ್ನು ನಿಯಮ ಬಲ್ಲದು. ಅದರೊಳಗೆ ರಾತ್ರಿ ದೀಪ ಹಚ್ಚುವವರು ಯಾರು ಎಂದು ಯಾವ ಕಲಮೂ ಕೇಳಿಲ್ಲ. ಸಂರಕ್ಷಣಾ ಸಮಿತಿಯ ಬದಲು ಬಾಡಿಗೆಗೆ ನ್ಯಾಯವಾದ ದರ, ದುರಸ್ತಿಗೆ ಸುಲಭ ಸಾಲ, ಪಾಲುದಾರರೊಳಗೆ ಒಬ್ಬನಿಗೆ ಮನೆಯನ್ನು ವಹಿಸಿಕೊಡುವ ಸರಳ ದಾರಿ, ಇವು ಮೊದಲೇ ಇದ್ದಿದ್ದರೆ ಇನ್ನೂ ಹಲವು ಕೇರಿಗಳು ಜನವಸತಿಯೊಡನೆ ಉಳಿಯುತ್ತಿದ್ದವೇನೋ. ಸಮಿತಿಯೂ ಇಲ್ಲದಿದ್ದರೆ ಫೊಂತೇನ್ಯಾಸ್ ಕೂಡ ಉಳಿಯುತ್ತಿರಲಿಲ್ಲವೆಂಬುದನ್ನೂ ಒಪ್ಪುತ್ತೇವೆ.

ಇದನ್ನು ಬರೆಯುವ ಹೊತ್ತಿಗೆ ವಾದ ನಮ್ಮ ಮೆಟ್ಟಿಲಿಗೇ ಬಂದಿದೆ. ನಮ್ಮಲ್ಲಿ ಅನೇಕರು ವಾಸಿಸುವ ಸಹಕಾರಿ ಕಟ್ಟಡಗಳಿಗೆ ಈಗ ನಲವತ್ತರ ವಯಸ್ಸು. ಸರಳು ತುಕ್ಕು ಹಿಡಿದು ಮೇಲ್ಛಾವಣಿಯ ಗಾರೆ ಉದುರುತ್ತಿದೆ; ಲಿಫ್ಟಿಲ್ಲದ ಮೂರನೆಯ ಮಹಡಿಯಿಂದ ಹಿರಿಯರು ಇಳಿಯಲಾರರು. ಕಳೆದ ವರ್ಷ ನಮ್ಮ ಸಂಘದ ಕೆಲವು ಸದಸ್ಯರಿರುವ ಒಂದು ಕಟ್ಟಡಕ್ಕೆ ಬಿಲ್ಡರನೊಬ್ಬ ಬಂದು, ಕೆಡವಿ ಏಳು ಮಹಡಿ ಕಟ್ಟಿಕೊಡುವುದಾಗಿಯೂ ಪ್ರತಿಯೊಬ್ಬರಿಗೂ ಒಂದು ಕೋಣೆ ಹೆಚ್ಚು ಕೊಡುವುದಾಗಿಯೂ ಹೇಳಿದ. ಸಭೆ ರಾತ್ರಿ ಹನ್ನೊಂದರವರೆಗೆ ನಡೆಯಿತು. ಯುವಕರು ಒಪ್ಪಿದರು. ಅಂಗಳದ ಹಲಸಿನ ಮರದ ಗತಿಯೇನೆಂದು ಒಬ್ಬ ತಾಯಿ ಕೇಳಿದರು. ಅದನ್ನು ನೆಟ್ಟವರು ಅವರ ಪತಿ. ಕಾಮಗಾರಿಯ ಮೂರು ವರ್ಷ ಬಾಡಿಗೆಮನೆ ಹುಡುಕುವುದೆಲ್ಲಿ ಎಂದು ಇನ್ನೊಬ್ಬರು ಕೇಳಿದರು. ಪಕ್ಕದಲ್ಲಿ ಇನ್ನೂ ಉಳಿದಿರುವ ಒಂದೇ ಹೆಂಚಿನ ಮನೆಯ ಗೋವೆಯ ಕುಟುಂಬ, ಏಳು ಮಹಡಿ ಎದ್ದರೆ ತಮ್ಮ ಅಂಗಳಕ್ಕೆ ಬಿಸಿಲು ಬಾರದೆಂದು ಲಿಖಿತ ಆಕ್ಷೇಪಣೆ ಸಲ್ಲಿಸಿದೆ. ನಲವತ್ತು ವರ್ಷಗಳ ಹಿಂದೆ ನಮ್ಮ ನಾಲ್ಕು ಮಹಡಿ ಎದ್ದಾಗ ಅವರ ತಂದೆ ಏನೂ ಹೇಳಿರಲಿಲ್ಲವಂತೆ; ಗಣೇಶ ಚತುರ್ಥಿಗೆ ಎರಡೂ ಕಡೆಯಿಂದ ತಟ್ಟೆಗಳು ಇಂದಿಗೂ ಬೇಲಿ ದಾಟುತ್ತವೆ. ಆಕ್ಷೇಪಣೆಯ ಪತ್ರವನ್ನು ಕಾರ್ಯದರ್ಶಿಗಳು ಸಭೆಯಲ್ಲಿ ಎರಡು ಬಾರಿ ಓದಿದರು. ಮುಂದಿನ ಸಭೆಗೆ ಆ ಕುಟುಂಬದವರನ್ನೂ ಕರೆಯುವುದೆಂದು ತೀರ್ಮಾನವಾಗಿದೆ. ಮಳೆಗಾಲ ಮುಗಿದ ಮೇಲೆ ಸಭೆ ಸೇರುತ್ತದೆ.